ಚಳಿಗಾಲದ ಕೆರೆ ಹಕ್ಕಿಗಳು: ಬಣ್ಣ ಆಮೇಲೆ, ಮೊದಲು ಎಲ್ಲಿ ನಿಂತಿದೆ ನೋಡಿ

ಪ್ರಶ್ನೆ: ನಾನು ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರು. ಊರ ಪಕ್ಕದಲ್ಲೇ ದೊಡ್ಡ ಕೆರೆ ಇದೆ. ನವೆಂಬರ್ ಬಂತೆಂದರೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು ಸೇರುತ್ತವೆ. ಮಕ್ಕಳಿಗೆ ತೋರಿಸೋಣ ಅಂತ ಒಂದು ಪುಸ್ತಕ ತಂದೆ. ಪುಸ್ತಕದ ಚಿತ್ರಕ್ಕೂ ಕೆರೆಯಲ್ಲಿ ಕಾಣುವುದಕ್ಕೂ ತಾಳೆಯೇ ಆಗುತ್ತಿಲ್ಲ. ಎಲ್ಲವೂ ಕಂದು, ಎಲ್ಲವೂ ಒಂದೇ ಥರ. ಇವುಗಳಲ್ಲಿ ಹೊರಗಿನಿಂದ ಬಂದದ್ದು ಯಾವುದು, ನಮ್ಮದು ಯಾವುದು? ದುರ್ಬೀನು ಎಂಥದ್ದು ಕೊಳ್ಳಲಿ? ಮೊಬೈಲ್ ಆ್ಯಪ್ ಹೇಳುವ ಹೆಸರನ್ನು ನಂಬಬಹುದಾ? ಇನ್ನೊಂದು ಪ್ರಶ್ನೆ. ಮನೆ ಹಿಂದಿನ ನಿಂಬೆ ಗಿಡದಲ್ಲಿ ಯಾವುದೋ ಹಕ್ಕಿ ದಿನವಿಡೀ ‘ಟಕ್... ಟಕ್...’ ಅನ್ನುತ್ತದೆ. ಒಂದು ಸಲವೂ ಸರಿಯಾಗಿ ಕಂಡಿಲ್ಲ. ಏನಿರಬಹುದು?

ಉತ್ತರ: ಮೇಷ್ಟ್ರೇ, ಪುಸ್ತಕವೂ ಸರಿ ಇದೆ, ನಿಮ್ಮ ಕಣ್ಣೂ ಸರಿ ಇದೆ. ತೊಂದರೆ ಇರುವುದು ತಿಂಗಳಲ್ಲಿ. ಪುಸ್ತಕದಲ್ಲಿ ದೊಡ್ಡದಾಗಿ ಅಚ್ಚಾಗಿರುವುದು ಸಾಮಾನ್ಯವಾಗಿ ಗಂಡು ಹಕ್ಕಿ, ಅದೂ ಮರಿ ಮಾಡುವ ಕಾಲದ ಬಣ್ಣದಲ್ಲಿ. ನಿಮ್ಮ ಕೆರೆಗೆ ಬರುವ ಬಾತುಗಳು ಮರಿ ಮಾಡುವುದು ಸೈಬೀರಿಯದಲ್ಲೋ ಮಧ್ಯ ಏಷ್ಯಾದಲ್ಲೋ. ಮರಿ ಮಾಡುವ ಕೆಲಸ ಮುಗಿದ ಮೇಲೆ ಅವು ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸುತ್ತವೆ. ಕೆಲವು ವಾರ ಹಾರುವುದಕ್ಕೇ ಆಗುವುದಿಲ್ಲ. ಆಗ ಗಂಡಿಗೆ ಮಿಂಚುವ ಬಣ್ಣ ಇದ್ದರೆ ನರಿಗೂ ಹದ್ದಿಗೂ ಸುಲಭದ ತುತ್ತು. ಅದಕ್ಕೇ ಅಷ್ಟು ದಿನ ಅದು ಹೆಣ್ಣಿನ ಹಾಗೆ ಮಾಸಲು ಗರಿ ಹೊದ್ದಿರುತ್ತದೆ. ಆಮೇಲೆ ಹೊಸ ರೆಕ್ಕೆ ಬೆಳೆದು ಹಾರಿ ಇಲ್ಲಿಗೆ ಬರುವಾಗಲೂ ಬಹಳಷ್ಟು ಗಂಡುಗಳ ಮೈಮೇಲೆ ಆ ಮಾಸಲು ಗರಿ ಪೂರ್ತಿ ಹೋಗಿರುವುದಿಲ್ಲ. ನವೆಂಬರಿನಲ್ಲಿ ನೀವು ನೋಡುವುದು ಹೆಣ್ಣು, ಮರಿ, ಮತ್ತು ಹೆಣ್ಣಿನ ಹಾಗೆ ಕಾಣುವ ಗಂಡು. ಜನವರಿ ಕಳೆದು ಫೆಬ್ರವರಿ ಬಂದರೆ ಅದೇ ಕೆರೆಯಲ್ಲಿ ಅದೇ ಬಾತುಗಳು ಪುಸ್ತಕದ ಚಿತ್ರಕ್ಕೆ ಹತ್ತಿರ ಬಂದಿರುತ್ತವೆ.

ಇಷ್ಟಕ್ಕೂ ಇದು ಹೊರಗಿನ ಹಕ್ಕಿಗಳ ಕತೆ ಮಾತ್ರ ಅಲ್ಲ. ನಮ್ಮದೇ ಬಾಲದ ದೇವನಕ್ಕಿಗೆ ಚಳಿಗಾಲದಲ್ಲಿ ಆ ಉದ್ದ ಬಾಲವೇ ಇರುವುದಿಲ್ಲ! ತಾವರೆ ಎಲೆ ಮೇಲೆ ಮೊಂಡು ಬಾಲದ ಒಂದು ಮಾಸಲು ಹಕ್ಕಿ ಓಡಾಡುತ್ತಿದ್ದರೆ ಪುಸ್ತಕ ತಿರುವಿ ಸುಸ್ತಾಗಬೇಡಿ, ಅದೇ ಇರಬಹುದು. ಗುಳುಮುಳುಕದ ಕತ್ತಿನ ಕೆಂಗಂದು ಬಣ್ಣ ಹೋಗಿ ಮಣ್ಣಿನ ಬಣ್ಣ ಉಳಿದಿರುತ್ತದೆ. ಅದನ್ನು ನೋಡಿ ‘ಬಾತಿನ ಮರಿ’ ಅನ್ನುವವರೇ ಜಾಸ್ತಿ.

ಆದ್ದರಿಂದ ಚಳಿಗಾಲದಲ್ಲಿ ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ಹಕ್ಕಿ ಎಲ್ಲಿ ನಿಂತಿದೆ, ಏನು ಮಾಡುತ್ತಿದೆ, ಗಾತ್ರ ಎಷ್ಟು, ಕೊಕ್ಕು ಎಂಥದ್ದು, ಹೇಗೆ ಕೂಗಿತು. ಇವು ತಿಂಗಳಿಂದ ತಿಂಗಳಿಗೆ ಬದಲಾಗುವುದಿಲ್ಲ. ಗಾತ್ರಕ್ಕೆ ಸೆಂಟಿಮೀಟರ್ ಲೆಕ್ಕ ಬೇಡ. ಗುಬ್ಬಿ, ಮೈನಾ, ಪಾರಿವಾಳ, ಕಾಗೆ, ಹದ್ದು. ಈ ಐದರಲ್ಲಿ ಯಾವುದಕ್ಕೆ ಹತ್ತಿರ ಅಂತ ಕೇಳಿದರೆ ಮಕ್ಕಳು ತಕ್ಷಣ ಹೇಳುತ್ತಾರೆ.

ಎಲ್ಲಿ ನಿಂತಿದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಹಳ್ಳಿಯವರಾದ ನಿಮಗೆ ಬೆಂಗಳೂರಿನವರಿಗಿಂತ ಅನುಕೂಲ ಜಾಸ್ತಿ. ಕೆರೆ ಅಂದರೆ ಎಲ್ಲ ಕಡೆ ಒಂದೇ ನೀರಲ್ಲ, ಅಲ್ವಾ? ಏರಿಯ ಪಕ್ಕ, ತೂಬಿನ ಹತ್ತಿರ ಆಳ. ಅಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ, ಹಣೆಯಲ್ಲಿ ಬಿಳಿ ನಾಮ ಇರುವ ನಾಮದ ಕೋಳಿ, ಗುಳುಮುಳುಕ. ನೀರು ಬಂದು ಸೇರುವ ಕಡೆ, ಅಂದರೆ ಕೆರೆಯಂಗಳದ ಅಂಚು, ಮೊಣಕಾಲುದ್ದ ನೀರು. ತಲೆ ಕೆಳಗೆ ಮಾಡಿ, ಬಾಲ ಮೇಲೆತ್ತಿ ತಿನ್ನುವ ಬಾತುಗಳೆಲ್ಲ ಅಲ್ಲಿ. ನೀರು ಇಳಿದು ಕೆಸರು ಬಿಟ್ಟ ಜಾಗದಲ್ಲಿ ಉದ್ದ ಕಾಲಿನ, ಕೊಕ್ಕಿನಿಂದ ಕೆಸರು ಚುಚ್ಚುವ ಸಣ್ಣ ಹಕ್ಕಿಗಳು. ಕೋಡಿಯ ಕಲ್ಲುಗಳ ಮೇಲೆ ಸದಾ ಬಾಲ ಆಡಿಸುವ ಕುಂಡೆಕುಸ್ಕ (ವ್ಯಾಗ್‌ಟೇಲ್). ಏರಿಯ ಕೆಳಗಿನ ಅಚ್ಚುಕಟ್ಟಿನ ಗದ್ದೆಯಲ್ಲಿ ಉಲ್ಲಂಕಿ (ಸ್ನೈಪ್), ಹಳದಿ ಕುಂಡೆಕುಸ್ಕ. ಏರಿ ಮೇಲಿನ ಜಾಲಿ, ಹೊಂಗೆಯಲ್ಲಿ ಎಲೆ ನಡುವೆ ಓಡಾಡುವ ಉಲಿಯಕ್ಕಿಗಳು, ಅಂದರೆ ವಾರ್ಬ್ಲರ್‌ಗಳು. ಮೊದಲ ಭಾನುವಾರ ಕೆರೆಯ ಒಂದು ನಕ್ಷೆ ಬರೆದು ಈ ಜಾಗಗಳನ್ನು ಗುರುತು ಮಾಡಿಬಿಡಿ. ಹಕ್ಕಿಯ ಹೆಸರು ಗೊತ್ತಾಗದಿದ್ದರೂ ಅದು ನಕ್ಷೆಯಲ್ಲಿ ಎಲ್ಲಿತ್ತು ಅಂತ ಬರೆದರೆ ಅರ್ಧ ಕೆಲಸ ಮುಗಿಯಿತು.

ನೀರಿನ ಮಟ್ಟವನ್ನೂ ಗಮನಿಸಿ. ಹಿಂಗಾರು ಜೋರಾಗಿ ಕೆರೆ ಕೋಡಿ ಬಿದ್ದ ವರ್ಷ ಹಕ್ಕಿಗಳು ಕಮ್ಮಿ ಅನ್ನಿಸುತ್ತದೆ. ‘ಈ ಸಲ ಬರಲೇ ಇಲ್ಲ’ ಅಂತ ಊರಿನವರು ಹೇಳುತ್ತಾರೆ. ಬಂದಿರುತ್ತವೆ. ಎಲ್ಲ ಕೆರೆ ಕಟ್ಟೆಗಳಲ್ಲೂ ನೀರು ಇರುವುದರಿಂದ ಚೆದುರಿ ಹೋಗಿರುತ್ತವೆ, ಜೊತೆಗೆ ನಿಮ್ಮ ಕೆರೆಯಲ್ಲಿ ಕೆಸರಿನ ಅಂಚೇ ಇರುವುದಿಲ್ಲ. ಜನವರಿ ಕೊನೆಗೆ ನೀರು ಇಳಿಯಲಿ, ಆಗ ನೋಡಿ. ನಿಮ್ಮ ಕಡೆ ನಾಲೆ ನೀರು ಬರುವ ಕೆರೆಗಳಲ್ಲಿ ಇದು ಇನ್ನೂ ತಡವಾಗಬಹುದು. ಅಂಥ ಕಡೆ ಭತ್ತದ ಕುಯ್ಲು ಆದ ಗದ್ದೆಗಳೇ ಕೆಸರು ಹಕ್ಕಿಗಳಿಗೆ ಕೆರೆಯಂಗಳ.

ಈಗ ಬಾತುಗಳು. ನಿಮ್ಮ ಕೆರೆಯಲ್ಲಿ ನಾಲ್ಕನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಕೊಕ್ಕಿನ ತುದಿಯಲ್ಲಿ ಹಳದಿ ಇದ್ದರೆ ಅದು ಚುಕ್ಕೆ ಕೊಕ್ಕಿನ ಬಾತು, ವರ್ಷವಿಡೀ ಇಲ್ಲೇ ಇರುವುದು. ದೊಡ್ಡ ಬಾತು, ಮೈ ಕಂದು, ರೆಕ್ಕೆ ಮಡಚಿದಾಗ ಬೆನ್ನಿನ ಪಕ್ಕ ಒಂದು ಬಿಳಿ ಪಟ್ಟೆ ಕಾಣುತ್ತದೆ. ಎರಡನೆಯದು ಕೊಕ್ಕು ಅನ್ನಕೈಯ ಹಾಗೆ ತುದಿಯಲ್ಲಿ ಅಗಲವಾಗಿರುವ ಶವೆಲರ್. ಹೆಣ್ಣಾಗಲಿ ಗಂಡಾಗಲಿ, ಬಣ್ಣ ಇರಲಿ ಬಿಡಲಿ, ಆ ಕೊಕ್ಕು ಅಡಗುವುದಿಲ್ಲ. ಐದಾರು ಸೇರಿ ಕೊಕ್ಕು ನೀರಿಗೆ ಒತ್ತಿಕೊಂಡು ಸುತ್ತು ಹೊಡೆಯುತ್ತಿದ್ದರೆ ದೂರದಿಂದಲೇ ಶವೆಲರ್ ಅಂದುಬಿಡಬಹುದು. ಒಂದರ ಕಾಲಿನಿಂದ ಕದಡಿದ್ದನ್ನು ಹಿಂದಿನದು ಸೋಸಿ ತಿನ್ನುತ್ತದೆ. ಮೂರನೆಯದು ಪಿನ್‌ಟೇಲ್, ಸೂಜಿಬಾಲದ ಬಾತು. ಕತ್ತು ಉದ್ದ, ಸಪೂರ, ಕೊಕ್ಕು ಬೂದು. ಹೆಣ್ಣಿಗೆ ಸೂಜಿಬಾಲ ಇರುವುದಿಲ್ಲ, ಆದರೆ ಕತ್ತು ಮೋಸ ಮಾಡುವುದಿಲ್ಲ.

ನಾಲ್ಕನೆಯದು ಗಾರ್ಗೆನಿ, ಬಿಳಿ ಹುಬ್ಬಿನ ಬಾತು. ಇದರ ಹೆಣ್ಣೇ ನಿಮ್ಮನ್ನು ಸುಸ್ತು ಮಾಡಿರುವುದು ಅನ್ನಿಸುತ್ತದೆ. ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡ ಸಣ್ಣ ಬಾತು. ಮೈಯೆಲ್ಲ ಬಿಟ್ಟು ಮುಖ ಮಾತ್ರ ನೋಡಿ. ಕಣ್ಣಿನ ಮೇಲೆ ಒಂದು ಬಿಳಿಚಿದ ಗೆರೆ, ಕಣ್ಣಿನ ಮೂಲಕ ಒಂದು ಕಪ್ಪು ಗೆರೆ, ಅದರ ಕೆಳಗೆ ಮತ್ತೆ ಬಿಳಿಚು, ಕೆನ್ನೆಯ ಮೇಲೆ ಇನ್ನೊಂದು ಕಪ್ಪು ಗೆರೆ. ಕೊಕ್ಕು ಶುರುವಾಗುವಲ್ಲಿ ಒಂದು ಬಿಳಿ ಚುಕ್ಕೆ. ಹೀಗೆ ಮುಖದ ಮೇಲೆ ಗೆರೆ ಗೆರೆ ಇದ್ದರೆ ಗಾರ್ಗೆನಿ. ಮುಖ ಹೆಚ್ಚುಕಮ್ಮಿ ಒಂದೇ ಬಣ್ಣವಾಗಿದ್ದು, ಗಾತ್ರ ಇನ್ನೂ ಚಿಕ್ಕದಾಗಿದ್ದರೆ ಕಾಮನ್ ಟೀಲ್ ಇರಬಹುದು. ಗಾರ್ಗೆನಿ ಎಲ್ಲರಿಗಿಂತ ಮುಂಚೆ ಬರುವ ಬಾತುಗಳಲ್ಲಿ ಒಂದು. ಗಂಡು ತನ್ನ ಬಿಳಿ ಹುಬ್ಬನ್ನು ಮತ್ತೆ ತೊಡುವುದು ಮಾತ್ರ ಬಹಳ ನಿಧಾನ.

ಒಂದು ಉಪಾಯ ಹೇಳುತ್ತೇನೆ. ಬಾತುಗಳನ್ನು ನೀವು ಎಬ್ಬಿಸಬೇಡಿ, ಜೌಗು ಸೆಳೆವ ಎಬ್ಬಿಸುತ್ತದೆ. ಅದು ಚಳಿಗಾಲಕ್ಕೆ ಬರುವ ಬೇಟೆ ಹಕ್ಕಿ, ಮಾರ್ಷ್ ಹ್ಯಾರಿಯರ್. ಹದ್ದಿನಷ್ಟೇ ಗಾತ್ರ. ಆದರೆ ಹದ್ದಿನ ಬಾಲದ ತುದಿ ಕವಲು, ಇದರದ್ದು ದುಂಡು. ಜೊಂಡಿನ ಮೇಲೆ ತೀರಾ ಕೆಳಗೆ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು ತೇಲುತ್ತದೆ. ಹೆಣ್ಣು ಕಡುಗಂದು, ನೆತ್ತಿ ಮತ್ತು ಗಂಟಲು ಕೆನೆ ಬಣ್ಣ. ಅದು ಕೆರೆಯ ಒಂದು ತುದಿಯಿಂದ ಬಂದರೆ ಬಾತುಗಳೆಲ್ಲ ಒಮ್ಮೆಗೇ ಮೇಲೇಳುತ್ತವೆ. ಕೂತಾಗ ಒಂದೇ ಥರ ಇದ್ದವು ಹಾರುವಾಗ ಬೇರೆ ಬೇರೆ ಆಗುವುದು ಆ ಅರ್ಧ ನಿಮಿಷದಲ್ಲಿ. ರೆಕ್ಕೆಯ ಮುಂಭಾಗ ಬೂದುನೀಲಿ ಹೊಳೆದರೆ ಗಾರ್ಗೆನಿ ಗಂಡು. ನೀಲಿ ಹೊಳೆದು ಮುಂದೆ ದಪ್ಪ ಕೊಕ್ಕು ಕಂಡರೆ ಶವೆಲರ್. ಕತ್ತು ಚಾಚಿ ಸಪೂರವಾಗಿ ಹಾರಿದರೆ ಪಿನ್‌ಟೇಲ್. ಹಾರುತ್ತಾ ಶಿಳ್ಳೆ ಹಾಕಿದರೆ ಅದು ನಮ್ಮ ಶಿಳ್ಳೆ ಬಾತು. ಗಂಡಿಗೆ ಮೈಬಣ್ಣ ಮಾಸಿರುವಾಗಲೂ ರೆಕ್ಕೆಯ ಈ ಗುರುತು ಮಾಸುವುದಿಲ್ಲ.

ಕೆಸರಿನ ಹಕ್ಕಿಗಳ ವಿಷಯದಲ್ಲಿ ಮೊದಲ ವರ್ಷ ಮೂರೇ ಮೂರು ಸಾಕು. ಮೂರೂ ಮೈನಾದ ಆಸುಪಾಸಿನ ಗಾತ್ರ, ಮೂರೂ ಮೇಲೆ ಕಂದು, ಕೆಳಗೆ ಬಿಳಿ. ಕನ್ನಡದಲ್ಲಿ ಮೂರಕ್ಕೂ ಗದ್ದೆಗೊರವ ಅನ್ನುತ್ತಾರೆ. ಬೇರೆ ಬೇರೆ ಗುರುತಿಸಲು ಹಕ್ಕಿ ನೋಡುವವರು ಬಳಸುವ ಇಂಗ್ಲಿಷ್ ಹೆಸರನ್ನೇ ಬಳಸುತ್ತೇನೆ. ಕೋಡಿಯ ಕಲ್ಲಿನ ಮೇಲೆ, ಏರಿಯ ಕಲ್ಲುಕಟ್ಟಡದ ಬುಡದಲ್ಲಿ ಒಂಟಿಯಾಗಿ ನಿಂತು ಹಿಂಭಾಗವನ್ನು ಒಂದೇ ಸಮನೆ ಮೇಲೆ ಕೆಳಗೆ ಆಡಿಸುತ್ತಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ದುರ್ಬೀನಿನಲ್ಲಿ ಅದರ ಭುಜ ನೋಡಿ. ಹೊಟ್ಟೆಯ ಬಿಳಿ, ಮಡಚಿದ ರೆಕ್ಕೆಯ ಮುಂದಿನಿಂದ ಒಂದು ಮೂಲೆಯಾಗಿ ಮೇಲಕ್ಕೆ ಹತ್ತಿರುತ್ತದೆ. ಇದೊಂದು ಕಂಡರೆ ಬೇರೆ ಏನೂ ಬೇಡ. ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಬಿಗಿಯಾಗಿ ಪಟಪಟ ಬಡಿದು ತೇಲಿ, ಮತ್ತೆ ಬಡಿದು, ಸ್ವಲ್ಪ ಮುಂದೆ ಹೋಗಿ ಇಳಿಯುತ್ತದೆ.

ನಾಲೆಯ ಬದಿ, ಚರಂಡಿ, ಎಮ್ಮೆ ತೊಳೆಯುವ ಹಳ್ಳ, ಇಂಥ ಮುಚ್ಚಿದ ಜಾಗದಲ್ಲಿ ಒಂಟಿಯಾಗಿ ಇರುವುದು ಗ್ರೀನ್ ಸ್ಯಾಂಡ್‌ಪೈಪರ್. ಹೆಸರಿಗೆ ಹಸಿರು, ಕಾಣುವುದು ಕಪ್ಪುಗಂದು. ಕಣ್ಣಿನ ಮುಂದೆ ಮಾತ್ರ ಒಂದು ಚಿಕ್ಕ ಬಿಳಿ ಗೆರೆ. ಎಮ್ಮೆಯೋ ನಾಯಿಯೋ ಹತ್ತಿರ ಬಂದರೆ ಜೋರಾಗಿ ಕೂಗಿ ನೇರ ಮೇಲಕ್ಕೆ ಏರುತ್ತದೆ. ಸೊಂಟದ ಬಿಳಿ ಫಳ್ಳನೆ ಕಾಣುತ್ತದೆ, ರೆಕ್ಕೆಯ ಒಳಬದಿ ಮಾತ್ರ ಕಪ್ಪು. ಇನ್ನು ಬಯಲಿನ ನೀರುಗದ್ದೆಯಲ್ಲಿ ನಾಲ್ಕಾರು ಜೊತೆಗಿದ್ದರೆ ವುಡ್ ಸ್ಯಾಂಡ್‌ಪೈಪರ್ ಆಗಿರುವ ಸಾಧ್ಯತೆ ಜಾಸ್ತಿ. ಕಾಲು ಉದ್ದ, ಹಳದಿ ಛಾಯೆ. ಬೆನ್ನ ಮೇಲೆ ಎದ್ದು ಕಾಣುವ ಚುಕ್ಕೆ. ಹುಬ್ಬಿನ ಗೆರೆ ಕಣ್ಣು ದಾಟಿ ಹಿಂದಕ್ಕೂ ಹೋಗಿರುತ್ತದೆ. ಎದ್ದಾಗ ‘ಚಿಫ್-ಇಫ್-ಇಫ್’ ಅನ್ನುತ್ತದೆ, ರೆಕ್ಕೆಯ ಒಳಬದಿ ತೆಳು ಬಣ್ಣ. ಇದಕ್ಕಿಂತ ಸಣ್ಣ ಗುಬ್ಬಿ ಗಾತ್ರದ ಕೆಸರು ಹಕ್ಕಿಗಳಿವೆ, ಉಲ್ಲಂಕಿಗಳಲ್ಲೇ ಒಂದಕ್ಕಿಂತ ಹೆಚ್ಚು ಬಗೆ ಇವೆ. ಅವುಗಳ ಗೋಜಿಗೆ ಈಗಲೇ ಹೋಗಬೇಡಿ. ‘ಉಲ್ಲಂಕಿ, ಎರಡು’ ಅಂತ ಬರೆದು ಮುಂದೆ ನಡೆಯಿರಿ. ಅಷ್ಟೇ ಬರೆಯುವುದರಲ್ಲಿ ಅವಮಾನ ಏನೂ ಇಲ್ಲ. ಅನುಭವಿಗಳ ಪಟ್ಟಿಯಲ್ಲೂ ಇಂಥ ಸಾಲು ಇದ್ದೇ ಇರುತ್ತದೆ.

ಮಕ್ಕಳಿಗೆ ಶುರು ಮಾಡಿಸಲು ಬಾತಿಗಿಂತ ಕುಂಡೆಕುಸ್ಕ ಒಳ್ಳೆಯದು. ಹತ್ತಿರ ಬಿಡುತ್ತದೆ, ಬಯಲಲ್ಲಿ ಓಡಾಡುತ್ತದೆ, ಹೆಸರು ಕೇಳಿದರೇ ಮಕ್ಕಳು ನಗುತ್ತಾರೆ. ತಲೆ, ಬೆನ್ನು ಕಪ್ಪಾಗಿದ್ದು ಕಣ್ಣಿನ ಮೇಲೆ ಅಗಲ ಬಿಳಿ ಹುಬ್ಬು ಇದ್ದರೆ ನಮ್ಮ ಊರಿನದೇ. ಶಾಲೆಯ ಮಾಳಿಗೆ ಮೇಲೆ ಕೂತು ಬೆಳಿಗ್ಗೆ ಚೆನ್ನಾಗಿ ಹಾಡುವುದೂ ಅದೇ. ಬೆನ್ನು ಬೂದು, ಬಾಲ ತೀರಾ ಉದ್ದ, ಬಾಲದ ಬುಡದ ಕೆಳಗೆ ಹಳದಿ ಇದ್ದರೆ ಬೂದು ಕುಂಡೆಕುಸ್ಕ. ಅದು ಹರಿಯುವ ನೀರು ಇಷ್ಟಪಡುತ್ತದೆ. ಆಗಸ್ಟ್-ಸೆಪ್ಟೆಂಬರಿನಲ್ಲೇ ಬಂದು ಚಳಿಗಾಲದ ಹಕ್ಕಿಗಳ ಲೆಕ್ಕ ಶುರು ಮಾಡಿಸುತ್ತದೆ. ದನಗಳ ಕಾಲಿನ ಹತ್ತಿರ, ಗದ್ದೆ ಬಯಲಿನಲ್ಲಿ ಗುಂಪಾಗಿ ಓಡುವುದು ಹಳದಿ ಕುಂಡೆಕುಸ್ಕ. ಆದರೆ ಎಚ್ಚರ, ಆ ವರ್ಷ ಹುಟ್ಟಿದ ಮರಿಗಳಿಗೆ ಹಳದಿ ಇರುವುದೇ ಅಪರೂಪ. ಮಾರ್ಚ್ ಕೊನೆಗೆ ಅದೇ ಗುಂಪಿನಲ್ಲಿ ಒಂದೊಂದೇ ಹಳದಿಗೆ ತಿರುಗುವುದನ್ನು ಮಕ್ಕಳು ವಾರವಾರ ನೋಡಬಹುದು. ಮಲೆನಾಡಿನ ಕಾಫಿ ತೋಟಕ್ಕೆ ಹೋದರೆ ನೆರಳಿನಲ್ಲಿ ಇನ್ನೊಂದು ಸಿಗುತ್ತದೆ, ಫಾರೆಸ್ಟ್ ವ್ಯಾಗ್‌ಟೇಲ್. ಎದೆಯ ಮೇಲೆ ಎರಡು ಕಪ್ಪು ಪಟ್ಟಿ. ಅದು ಬಾಲವನ್ನು ಮೇಲೆ ಕೆಳಗೆ ಅಲ್ಲ, ಅಕ್ಕಪಕ್ಕಕ್ಕೆ ಆಡಿಸುತ್ತದೆ.

ನಿಮ್ಮ ನಿಂಬೆ ಗಿಡದ ಹಕ್ಕಿಗೆ ಬರೋಣ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ದಟ್ಟ ಪೊದೆಯೊಳಗಿಂದ ಬಿಟ್ಟು ಬಿಟ್ಟು ‘ಟಕ್’ ಅಥವಾ ‘ಚೆಕ್’ ಅಂತ ಗಟ್ಟಿಯಾಗಿ ಒಂದೇ ಸ್ವರ ಬರುತ್ತಿದ್ದರೆ, ನಮ್ಮ ಕಡೆ ಅದು ಬಹುಪಾಲು ಬ್ಲೈತ್ಸ್ ರೀಡ್ ವಾರ್ಬ್ಲರ್. ಹೆಸರಿನಲ್ಲಿ ಜೊಂಡು ಇದೆ, ಇರುವುದು ಬೇಲಿ, ನಿಂಬೆ, ಲಂಟಾನ, ಕರಿಬೇವಿನ ಪೊದೆಯಲ್ಲಿ. ಗುಬ್ಬಿಗಿಂತ ಸಣ್ಣದು, ಸಪೂರ. ಗೆರೆ ಇಲ್ಲ, ಚುಕ್ಕೆ ಇಲ್ಲ, ಮೇಲೆಲ್ಲ ಒಂದೇ ಕಂದು, ಕೆಳಗೆ ಮಾಸಲು ಬಿಳಿ. ಕೊಕ್ಕು ಸ್ವಲ್ಪ ಉದ್ದ, ಕಣ್ಣಿನ ಮುಂದೆ ತೆಳ್ಳನೆಯ ಒಂದು ಹುಬ್ಬು. ನಿಮ್ಮ ಹಿತ್ತಲಿನಲ್ಲೇ ಇರುವ ಸಿಂಪಿಗದ ಜೊತೆ ಗೊಂದಲ ಆಗಬಹುದು. ಸಿಂಪಿಗದ ಬೆನ್ನು ಹಸಿರು, ನೆತ್ತಿ ಕೆಂಗಂದು, ಬಾಲ ಸದಾ ನೆಟ್ಟಗೆ, ಕೂಗು ‘ಟುವಿಟ್ ಟುವಿಟ್’ ಅಂತ ಬಿಡದೆ ಒಂದೇ ಸಮ. ಈ ವಾರ್ಬ್ಲರ್ ಬಾಲ ನಿಮಿರಿಸಿ ಮೆರೆಯುವುದಿಲ್ಲ.

ಅದನ್ನು ನೋಡುವ ದಾರಿ ಒಂದೇ. ಗಿಡದ ಸುತ್ತ ತಿರುಗಬೇಡಿ, ಕೊಂಬೆ ಅಲ್ಲಾಡಿಸಬೇಡಿ. ಬೆಳಿಗ್ಗೆ ಎಳೆಬಿಸಿಲು ಗಿಡದ ಮೇಲೆ ಬೀಳುವ ಹೊತ್ತಿಗೆ ಹತ್ತು ಹದಿನೈದು ಅಡಿ ದೂರದಲ್ಲಿ ಒಂದು ಕುರ್ಚಿ ಹಾಕಿಕೊಂಡು ಸುಮ್ನೆ ಕೂತುಬಿಡಿ. ಸ್ವರ ಬಂದ ಕಡೆ ಕಣ್ಣಿಡಿ, ಎಲೆ ಅಲುಗುವುದನ್ನು ಹುಡುಕಿ. ಪೊದೆಯ ಬುಡದಿಂದ ಶುರು ಮಾಡಿ ಮೇಲಕ್ಕೆ ಹುಳ ಹುಡುಕುತ್ತಾ ಬರುತ್ತದೆ. ಒಂದು ಕ್ಷಣ ಹೊರಗಿನ ಕೊಂಬೆಗೆ ಬಂದು ಮತ್ತೆ ಒಳಗೆ ಹೋಗುತ್ತದೆ. ಆ ಕ್ಷಣಕ್ಕೆ ನಿಮ್ಮ ದುರ್ಬೀನು ಎದೆ ಮಟ್ಟದಲ್ಲಿ ಸಿದ್ಧ ಇರಬೇಕು. ಮರುದಿನವೂ ಅದು ಅಲ್ಲೇ ಇರುತ್ತದೆ, ಆದ್ದರಿಂದ ಅವಸರ ಇಲ್ಲ. ಇಂಥ ಪುಟ್ಟ ಹಕ್ಕಿಗಳು ಚಳಿಗಾಲದಲ್ಲೂ ತಮ್ಮದು ಅಂತ ಒಂದು ಜಾಗ ಹಿಡಿದುಕೊಳ್ಳುತ್ತವೆ. ಆ ‘ಟಕ್’ ಬಹುಮಟ್ಟಿಗೆ ಇನ್ನೊಂದು ವಾರ್ಬ್ಲರ್‌ಗೆ ಕೊಡುವ ಎಚ್ಚರಿಕೆ.

ಅದೇ ಹಿತ್ತಲಿನ ಹೊಂಗೆಯ ಮೇಲಿನ ಎಲೆಗಳಲ್ಲಿ ಇನ್ನೊಂದು ಇರಬೇಕು, ಕೇಳಿಸಿಕೊಳ್ಳಿ. ಎರಡು ಸ್ವರದ ‘ಚಿಸ್-ವೀ’. ಅದು ಗ್ರೀನಿಶ್ ವಾರ್ಬ್ಲರ್, ಮಾಸಲು ಹಸಿರು, ಕಣ್ಣಿನ ಮೇಲೆ ಉದ್ದ ಬಿಳಿ ಹುಬ್ಬು, ರೆಕ್ಕೆಯ ಮೇಲೆ ಒಂದು ಸಣ್ಣ ಬಿಳಿ ಗೆರೆ. ಪೊದೆಯಲ್ಲಿ ‘ಟಕ್’, ಮರದ ಮೇಲೆ ‘ಚಿಸ್-ವೀ’. ಈ ಎರಡು ಕಿವಿಗೆ ಕೂತರೆ ಚಳಿಗಾಲದ ಹಿತ್ತಲಿನ ಅರ್ಧ ಗೊಂದಲ ತೀರಿತು.

‘ವಿದೇಶಿ ಹಕ್ಕಿ’ ವಿಷಯ. ಪ್ರತಿ ವರ್ಷ ಯಾರಾದರೂ ಬಣ್ಣದ ಕೊಕ್ಕರೆಯನ್ನು ಸೈಬೀರಿಯದಿಂದ, ಹೆಜ್ಜಾರ್ಲೆಯನ್ನು (ಪೆಲಿಕನ್) ಆಸ್ಟ್ರೇಲಿಯದಿಂದ ಕರೆತರುತ್ತಾರೆ. ಎರಡೂ ನಮ್ಮವೇ. ನಿಮ್ಮದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರದ ಮೇಲೆ ಗೂಡು ಕಟ್ಟಿ ಮರಿ ಮಾಡುವುದನ್ನು ಮಕ್ಕಳೇ ನೋಡಿರುತ್ತಾರೆ. ಇಲ್ಲಿ ಒಂದು ಸರಳ ಪರೀಕ್ಷೆ ಇದೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳು ಇಲ್ಲಿಗೆ ಬರುವುದು ಹೊಟ್ಟೆಪಾಡಿಗೆ, ಗೂಡು ಕಟ್ಟಲು ಅಲ್ಲ. ನಿಮ್ಮೂರಿನ ಮರದಲ್ಲಿ ಗೂಡು ಕಟ್ಟಿದ್ದರೆ ಅದು ನಮ್ಮ ಕಡೆಯ ಹಕ್ಕಿ. ಇನ್ನು ದೂರದಿಂದ ಬಂದವೆಲ್ಲ ಪರದೇಶದವೂ ಅಲ್ಲ. ಬೂದು ಕುಂಡೆಕುಸ್ಕಗಳಲ್ಲಿ ಹಲವು ಹಿಮಾಲಯದಲ್ಲಿ ಮರಿ ಮಾಡುತ್ತವೆ. ನವರಂಗ (ಇಂಡಿಯನ್ ಪಿಟ್ಟಾ) ಉತ್ತರ ಮತ್ತು ಮಧ್ಯ ಭಾರತದ ಕಾಡುಗಳಿಂದ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತದೆ. ರಾತ್ರಿ ಹಾರಿ ಸುಸ್ತಾಗಿ ಅಕ್ಟೋಬರ್ ಹೊತ್ತಿಗೆ ಯಾರದೋ ಮನೆಯ ವರಾಂಡದಲ್ಲಿ ಕೂತು ಎಲ್ಲರನ್ನೂ ಬೆರಗುಗೊಳಿಸುತ್ತದೆ. ಹಾಗೆ ಸಿಕ್ಕರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಕತ್ತಲಾಗಿಟ್ಟು, ಸುಧಾರಿಸಿಕೊಂಡ ಮೇಲೆ ಮರಗಳಿರುವ ಕಡೆ ಬಿಟ್ಟುಬಿಡಿ. ಬಾಯಿಗೆ ನೀರು ಹುಯ್ಯಬೇಡಿ.

ನಿಜವಾದ ದೂರದ ಅತಿಥಿ ನೋಡಬೇಕೆಂದರೆ ಪಟ್ಟೆತಲೆ ಹೆಬ್ಬಾತು. ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆ, ಬೇರೆ ಯಾವುದರ ಜೊತೆಗೂ ಗೊಂದಲ ಇಲ್ಲ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುತ್ತದೆ. ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ 7 ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ನಿಮಗೆ ಹತ್ತಿರ ನಂಜನಗೂಡು ಬಳಿಯ ಹದಿನಾರು ಅನ್ನುವ ಊರಿನ ಕೆರೆ. ಸಾವಿರಗಟ್ಟಲೆ ನೋಡಬೇಕೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ, 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ್ದು. ಅವು ಕತ್ತಲಲ್ಲಿ ಹೊಲಗಳಿಗೆ ಹೋಗಿ ಮೇಯ್ದು, ಬೆಳಗಾದ ಮೇಲೆ ಕೆರೆಗೆ ವಾಪಸ್ಸು ಬಂದು ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಆ ವಾಪಸ್ಸು ಬರುವ ಹೊತ್ತಿಗೆ ಅಲ್ಲಿರಬೇಕು.

ಹೊತ್ತಿನ ಮಾತು ಬಂತಲ್ಲ. ನಮ್ಮ ಕಡೆ ಡಿಸೆಂಬರ್-ಜನವರಿಯಲ್ಲಿ ಕೆರೆ ಮೇಲೆ ಮಂಜು ಕೂತಿರುತ್ತದೆ. ನಸುಕಿಗೇ ಹೋಗಿ ಏನೂ ಕಾಣದೆ ಚಳಿಯಲ್ಲಿ ನಡುಗುವ ಬದಲು ಏಳರ ಮೇಲೆ ಹೋಗಿ, ಹತ್ತರವರೆಗೆ ನೋಡಿ. ಮಧ್ಯಾಹ್ನ ಬಾತುಗಳು ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿ ನಿದ್ದೆ ಮಾಡುತ್ತವೆ, ಕೊಕ್ಕೂ ಕಾಣುವುದಿಲ್ಲ ಮುಖವೂ ಕಾಣುವುದಿಲ್ಲ. ಬೆಳಿಗ್ಗೆ ಕೆರೆಯ ಪೂರ್ವ ದಡ, ಸಂಜೆ ಪಶ್ಚಿಮ ದಡ. ಸೂರ್ಯ ನಿಮ್ಮ ಬೆನ್ನಿಗಿರಬೇಕು. ‘ಎಲ್ಲ ಕಪ್ಪು’ ಅನ್ನುವ ದೂರು ಎಷ್ಟೋ ಸಲ ತಪ್ಪು ದಡದಲ್ಲಿ ನಿಂತದ್ದರಿಂದಲೇ ಬರುವುದು. ನೇರ ಹಕ್ಕಿಯ ಕಡೆ ನಡೆಯಬೇಡಿ, ಓರೆಯಾಗಿ ನಿಧಾನ ಹೋಗಿ. ಮೇಯುತ್ತಿದ್ದ ಬಾತುಗಳು ತಲೆ ಎತ್ತಿ ನಿಂತರೆ ನೀವೂ ನಿಂತುಬಿಡಿ. ಮತ್ತೆ ಮೇಯಲು ಶುರು ಮಾಡಿದರೆ ಅಷ್ಟು ದೂರ ಸರಿ ಅಂತ ಅರ್ಥ.

ದುರ್ಬೀನು 8x42 ಕೊಳ್ಳಿ. ಎಂಟು ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು 10, 12, 20 ಅಂತ ತೋರಿಸುತ್ತಾರೆ. ಪಟ್ಟು ಹೆಚ್ಚಾದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ. ನಿಂಬೆ ಗಿಡದ ಹಕ್ಕಿಯನ್ನು 20ರಲ್ಲಿ ಹುಡುಕುವುದು ಆಗದ ಮಾತು. ಪಟ್ಟು ಬದಲಿಸುವ ಜೂಮ್ ದುರ್ಬೀನು ಬೇಡವೇ ಬೇಡ. ಕನ್ನಡಕ ಇದ್ದರೆ ಕೊಳ್ಳುವ ಮುಂಚೆ ಕನ್ನಡಕ ಹಾಕಿಕೊಂಡೇ ನೋಡಿ. ಮಕ್ಕಳಿಗೆ ಮೊದಲು ಕಲಿಸಬೇಕಾದ್ದು ಒಂದೇ. ಕಣ್ಣನ್ನು ಹಕ್ಕಿಯಿಂದ ತೆಗೆಯದೆ ದುರ್ಬೀನನ್ನು ಕಣ್ಣಿಗೆ ತರುವುದು. ಮೊದಲು ತೆಂಗಿನಕಾಯಿ ಮೇಲೆ ಅಭ್ಯಾಸ ಮಾಡಲಿ, ಅದು ಹಾರಿ ಹೋಗುವುದಿಲ್ಲ.

ಆ್ಯಪ್ ಬಗ್ಗೆ. ಕಾರ್ನೆಲ್ ಲ್ಯಾಬ್‌ನವರ ಮರ್ಲಿನ್ ಉಚಿತ, ಕೂಗು ಕೇಳಿ ಹೆಸರು ಹೇಳುತ್ತದೆ, ಒಳ್ಳೆಯದೇ. ಆದರೆ ಅದು ಹೇಳಿದ್ದು ಸುಳಿವು, ತೀರ್ಪಲ್ಲ. ಕಾಜಾಣ ಬಿಜ್ಜು ಅನ್ನುವ ಬೇಟೆ ಹಕ್ಕಿಯ (ಶಿಕ್ರಾ) ಕೂಗನ್ನು ಅನುಕರಿಸುತ್ತದೆ, ಎಲೆಹಕ್ಕಿ ಊರಿನ ಅರ್ಧ ಹಕ್ಕಿಗಳ ದನಿ ತೆಗೆಯುತ್ತದೆ. ಆ್ಯಪ್ ಪಾಪ, ಕೇಳಿದ್ದನ್ನು ಹೇಳುತ್ತದೆ. ಕಣ್ಣಿಗೆ ಕಾಣದ ಹಕ್ಕಿಯನ್ನು ಅದರ ಮಾತಿನ ಮೇಲೆ ಪಟ್ಟಿಗೆ ಸೇರಿಸಬೇಡಿ. ನನ್ನ ಮಟ್ಟಿಗೆ ಇದಕ್ಕಿಂತ ಉಪಯೋಗ ಇ-ಬರ್ಡ್, ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ. ಅದರಲ್ಲಿ ಮಂಡ್ಯ ಜಿಲ್ಲೆ ಅಂತ ಆರಿಸಿದರೆ ಯಾವ ಹಕ್ಕಿ ವರ್ಷದ ಯಾವ ವಾರದಲ್ಲಿ ಎಷ್ಟು ಸಲ ಕಂಡಿದೆ ಅಂತ ಒಂದು ಬಾರ್ ಚಾರ್ಟ್ ಬರುತ್ತದೆ. ಪುಸ್ತಕದ ಸಾವಿರಕ್ಕೂ ಹೆಚ್ಚು ಹಕ್ಕಿಗಳಲ್ಲಿ ನಿಮ್ಮ ಕೆರೆಗೆ ಡಿಸೆಂಬರಿನಲ್ಲಿ ಬರಬಹುದಾದವು ಯಾವುವು ಅನ್ನುವುದು ಅಲ್ಲೇ ಸೋಸಿ ಸಿಗುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಕಂಡಿತು ಅನ್ನಿಸಿದರೆ ಇನ್ನೊಮ್ಮೆ ನೋಡಿ. ಆಗಲೂ ಅದೇ ಅನ್ನಿಸಿದರೆ ಫೋಟೋ ತೆಗೆಯಿರಿ, ಮಸುಕಾಗಿದ್ದರೂ ಪರವಾಗಿಲ್ಲ. ಕೂಗಿನ ರೆಕಾರ್ಡಿಂಗ್ ಹಾಕಿ ಹಕ್ಕಿಯನ್ನು ಹೊರಗೆ ಕರೆಯುವ ಚಾಳಿ ಮಾತ್ರ ಮಕ್ಕಳಿಗೆ ಹತ್ತಿಸಬೇಡಿ. ತನ್ನ ಜಾಗಕ್ಕೆ ಯಾರೋ ನುಗ್ಗಿದರು ಅಂತ ಅದು ಮೇವು ಬಿಟ್ಟು ಅಲೆಯುತ್ತದೆ.

ಜನವರಿಯಲ್ಲಿ ಏಷ್ಯಾದ ನೀರು ಹಕ್ಕಿಗಳ ಎಣಿಕೆ ನಡೆಯುತ್ತದೆ, 1987ರಿಂದ ಇದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ, ಅದಕ್ಕೆ ಶಾಲೆಯ ಅಂಗಳದಲ್ಲಿ ಹದಿನೈದು ನಿಮಿಷ ನಿಂತು ಎಣಿಸಿದರೂ ಸಾಕು. ಮಕ್ಕಳ ಕೈಲಿ ಒಂದು ದಪ್ಪ ನೋಟ್‌ಬುಕ್ ಕೊಡಿ. ತಾರೀಕು, ಹೊತ್ತು, ನೀರಿನ ಮಟ್ಟ, ಹಕ್ಕಿ, ಎಷ್ಟು, ನಕ್ಷೆಯಲ್ಲಿ ಎಲ್ಲಿ. ಹೆಸರು ಗೊತ್ತಿಲ್ಲದಿದ್ದರೆ ಒಂದು ಚಿತ್ರ, ಕೊಕ್ಕಿನ ಉದ್ದ ತಲೆಯ ಉದ್ದಕ್ಕೆ ಹೋಲಿಸಿ ಎಷ್ಟು ಅಂತ. ಚಿತ್ರ ಕೆಟ್ಟದಾಗಿದ್ದರೂ ನಡೆಯುತ್ತದೆ. ಬರೆಯಬೇಕಾದರೆ ಹುಬ್ಬು ಇತ್ತಾ, ಕಾಲಿನ ಬಣ್ಣ ಏನು ಅಂತ ಮತ್ತೆ ನೋಡಲೇಬೇಕಾಗುತ್ತದೆ, ನಮಗೆ ಬೇಕಾದ್ದು ಅದೇ.

ಹೆಬ್ಬಾತಿನ ಕತ್ತಿನಲ್ಲಿ ಬಣ್ಣದ ಪಟ್ಟಿ, ಗೊರವದ ಕಾಲಿನಲ್ಲಿ ಉಂಗುರ ಕಂಡರೆ ಆ ದಿನದ ಬೇರೆಲ್ಲ ಕೆಲಸ ಬಿಟ್ಟು ಅದನ್ನು ಓದಲು ನೋಡಿ. ಎಲ್ಲೋ ಯಾರೋ ಹಿಡಿದು, ಗುರುತು ಹಾಕಿ ಬಿಟ್ಟಿರುತ್ತಾರೆ. ನಮ್ಮ ದೇಶದಲ್ಲಿ ಹಾಕಿದ ಉಂಗುರಗಳ ಲೆಕ್ಕ ಮುಂಬಯಿಯ ಬಿಎನ್‌ಎಚ್‌ಎಸ್ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ಸಂಸ್ಥೆಯಲ್ಲಿದೆ, ಅವರಿಗೆ ಬರೆದರೆ ಮುಂದಿನ ವಿಚಾರಣೆ ಅವರು ನೋಡಿಕೊಳ್ಳುತ್ತಾರೆ. ಅಕ್ಷರ, ಅಂಕಿ ಓದಲು ಆಗದಿದ್ದರೆ ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಎಡಗಾಲೋ ಬಲಗಾಲೋ, ಮೊಣಕಾಲಿನ ಮೇಲೋ ಕೆಳಗೋ, ಇಷ್ಟನ್ನಾದರೂ ಅಲ್ಲೇ ನಿಂತು ಬರೆದುಕೊಳ್ಳಿ.